ಉಪ್ಪುನೀರಿನ ಟ್ಯಾಂಕಿನಲ್ಲಿ 96 ವೋಲ್ಟ್: ಇಲ್ಲಿವರೆಗಿನ ಕೆಲಸ

ಟ್ಯಾಂಕ್ ಅಂದರೆ ಸುರತ್ಕಲ್ ಮನೆಯಲ್ಲಿ ಮೀನು ಸಾಕುವ 300 ಲೀಟರಿನದು. ಕ್ಲೌನ್ ಮೀನು, ಡ್ಯಾಮ್ಸೆಲ್, ಕ್ಲೀನರ್ ಸಿಗಡಿ ಇವೆ. ಹವಳ ಇಲ್ಲ. ಕಲ್ಲು ಹವಳಗಳು ವನ್ಯಜೀವಿ ಕಾಯ್ದೆಯ ಒಂದನೇ ಷೆಡ್ಯೂಲಿನಲ್ಲಿವೆ (ಅತಿ ಹೆಚ್ಚು ರಕ್ಷಣೆಯ ಪಟ್ಟಿ), ಆ ಆಸೆ ಬಿಟ್ಟಾಗಿದೆ.

ಏಪ್ರಿಲ್ ಕೊನೆ

ನೀರಿಗೆ ಕೈ ಹಾಕಿದರೆ ಬೆರಳಿನ ಗಾಯದ ಜಾಗದಲ್ಲಿ ಚುರುಚುರು. ಎಲ್ಲ ಸ್ವಿಚ್ ಆಫ್ ಮಾಡಿ, ಮೀಟರಿನ ಒಂದು ವಯರ್ ನೀರಿಗೆ, ಇನ್ನೊಂದು ಸಾಕೆಟ್ಟಿನ ಅರ್ತಿಗೆ ಸಿಕ್ಕಿಸಿದೆ. ಆನ್ ಮಾಡಿದಾಗ ಎ.ಸಿ. 96 ವೋಲ್ಟ್.

ಚಳಿ ಊರುಗಳಲ್ಲಿ ಮೊದಲ ಅನುಮಾನ ಹೀಟರ್ ಮೇಲೆ, ಅದರ ಗಾಜು ಬಿರುಕು ಬಿಟ್ಟರೆ ಕರೆಂಟ್ ನೀರಿಗೆ ಸೋರುತ್ತದೆ. ನಮ್ಮ ಕರಾವಳಿಯಲ್ಲಿ ಹೀಟರ್ ಯಾರಿಗೆ ಬೇಕು? ಬೇಸಿಗೆಯಲ್ಲಿ ನೀರು ತಣ್ಣಗೆ ಇಡುವುದೇ ಸಾಹಸ. ಹಾಗಾಗಿ ಉಳಿದದ್ದು ಪಂಪುಗಳು: ರಿಟರ್ನ್ (ಶುದ್ಧವಾದ ನೀರನ್ನು ಟ್ಯಾಂಕಿಗೆ ವಾಪಸ್ ಕಳಿಸುವುದು), ವೇವ್‌ಮೇಕರ್ (ಅಲೆ ಎಬ್ಬಿಸುವುದು), ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವುದು).

ಅದಕ್ಕೂ ಮೊದಲು ಅರ್ತ್ ಸರಿ ಇದೆಯಾ ನೋಡಬೇಕು, ಇಲ್ಲದಿದ್ದರೆ ಮೀಟರ್ ತೋರಿಸುವುದಕ್ಕೆ ಅರ್ಥವೇ ಇಲ್ಲ. ಮುರಕಲ್ಲಿನ ನೆಲ ಈ ತಿಂಗಳಲ್ಲಿ ಒಣಗಿರುತ್ತದೆ, ಒಣ ನೆಲದಲ್ಲಿ ಅರ್ತ್ ಸರಿ ಸಿಗುವುದಿಲ್ಲ. ಅರ್ತ್ ಗುಂಡಿಗೆ ನಾಲ್ಕು ಕೊಡ ನೀರು ಹೊಯ್ದೆವು. ಎಲೆಕ್ಟ್ರಿಶಿಯನ್ ಫೇಸಿಗೂ ಅರ್ತಿಗೂ ಬಲ್ಬ್ ಹಾಕಿ ನೋಡಿದರು, ಚೆನ್ನಾಗಿ ಉರಿಯಿತು. ಆಮೇಲೆ ಅವರ ಸಲಹೆ: "ನೀರಿಗೊಂದು ತಾಮ್ರದ ವಯರ್ ಬಿಟ್ಟು ಅರ್ತಿಗೆ ಕೊಡುವ ಮಾರಾಯ್ರೆ, ಮುಗೀತಲ್ಲ." ಸಿಹಿನೀರಿನ ಬಾವಿ ಪಂಪಿಗೆ ಹೇಳಿದ ಹಾಗೆ ಹೇಳಿದರು ಪಾಪ. ಉಪ್ಪುನೀರಿನಲ್ಲಿ ತಾಮ್ರ ಕರಗುತ್ತದೆ, ಸಿಗಡಿಗೆ ಅದು ವಿಷ. ಟೈಟಾನಿಯಂ ಕಡ್ಡಿಯೇ ಆಗಬೇಕು.

ಮೇ ಮೊದಲ ವಾರ

ಈಗ ಮುಖ್ಯ ಭಾಗ. ಡಿಜಿಟಲ್ ಮೀಟರಿನ ಒಳಗಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾಓಮ್, ಅಂದರೆ ಅದು ಕರೆಂಟ್ ಎಳೆಯುವುದೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಪಂಪಿನ ಕಾಯಿಲ್ ನೀರಿಗೆ ತಾಗದೇ ಇದ್ದರೂ, ಮಧ್ಯದ ಪ್ಲಾಸ್ಟಿಕ್ ಕೆಪಾಸಿಟರ್ ತರಹ ಕೆಲಸ ಮಾಡಿ ಮೀಟರಿನಲ್ಲಿ ಮೂವತ್ತು ನಲವತ್ತು ವೋಲ್ಟ್ ಕಾಣಿಸುತ್ತದೆ. ಅದರ ಹಿಂದೆ ಹೇಳಿಕೊಳ್ಳುವಷ್ಟು ಕರೆಂಟ್ ಇರುವುದಿಲ್ಲ. ಎರಡು ಪಿನ್ನಿನ ಪ್ಲಗ್ ತಿರುಗಿಸಿ ಹಾಕಿದರೆ ಸಾಕು, ಸಂಖ್ಯೆ ಬದಲಾಗುತ್ತದೆ! ಮೀನಿಗೂ ಅಷ್ಟೇ, ತಂತಿ ಮೇಲೆ ಕೂತ ಕಾಗೆಯ ಹಾಗೆ: ಮೈಯಲ್ಲಿ ಕರೆಂಟ್ ಹರಿಯದೆ ಬರೀ ವೋಲ್ಟೇಜಿನಿಂದ ಏನೂ ಆಗದು. ಮೀನಿನ ತಲೆ ಸವೆಯುವ ರೋಗಕ್ಕೆಲ್ಲ ಇದನ್ನೇ ಬೈಯುವವರು ಇದ್ದಾರೆ. ನನಗೆ ನಂಬಿಕೆ ಇಲ್ಲ.

ಹಾಗಾದರೆ ಸುಳ್ಳು ಯಾವುದು, ನಿಜ ಯಾವುದು? ಮೀಟರಿನ ಎರಡು ವಯರಿನ ಮಧ್ಯೆ 10 ಕಿಲೋಓಮಿನ ರೆಸಿಸ್ಟರ್ ಅಡ್ಡ ಹಾಕಿದೆ. ಬರೀ ತೋರಿಕೆಯ ವೋಲ್ಟೇಜ್ ಆದರೆ ಇದರಿಂದ ಸೊನ್ನೆ ಹತ್ತಿರ ಕುಸಿಯುತ್ತದೆ, ನಿಜವಾದ ಸೋರಿಕೆ ಆದರೆ ಉಳಿಯುತ್ತದೆ. ಸಣ್ಣದು ಬೇಡ, 10 ವ್ಯಾಟಿನದು ಇರಲಿ. ಪೂರ್ತಿ 230 ವೋಲ್ಟ್ ಬಂದರೆ ಅದರಲ್ಲಿ ಐದು ವ್ಯಾಟಿಗಿಂತ ಜಾಸ್ತಿ ಶಾಖ ಹುಟ್ಟುತ್ತದೆ, ಚಿಕ್ಕ ರೆಸಿಸ್ಟರ್ ಸುಟ್ಟು ಹೋಗುತ್ತದೆ.

ಎಲ್ಲ ಪಂಪ್ ಓಡುವಾಗ 96 ಇದ್ದದ್ದು 11ಕ್ಕೆ ಇಳಿಯಿತು. ಅಂದರೆ 1.1 ಮಿಲಿಆಂಪ್ ನಿಜವಾಗಿ ಹರಿಯುತ್ತಿದೆ. ಸ್ಕಿಮ್ಮರ್ ಪ್ಲಗ್ ಕಿತ್ತಾಗ, ರೆಸಿಸ್ಟರ್ ಇಲ್ಲದೆ 38, ಹಾಕಿದರೆ 0.2. ಕಳ್ಳ ಸಿಕ್ಕಿದ. ಉಳಿದ 38 ಬರೀ ತೋರಿಕೆ.

ಸ್ಕಿಮ್ಮರ್ ಪಂಪ್ ಬಿಚ್ಚಿದರೆ, ಕೇಬಲ್ ಒಳಗೆ ಹೋಗುವಲ್ಲಿ ರಬ್ಬರ್ ಗಟ್ಟಿಯಾಗಿ ಕೂದಲೆಳೆಯಷ್ಟು ಸೀಳಿದೆ. ಟೇಪ್ ಸುತ್ತುವ ಮಾತೇ ಇಲ್ಲ, ಗುಜರಿಗೆ. ಬದಲಿಗೆ 24 ವೋಲ್ಟಿನ ಡಿ.ಸಿ. ಪಂಪ್ ತಂದೆ. ಅಡಾಪ್ಟರ್ ನೀರಿಗೆ ಹನಿಯೂ ತಾಗದ ಹಾಗೆ ಗೋಡೆ ಮೇಲೆ. ಈಗ ಮೀಟರ್ 41 ತೋರಿಸುತ್ತದೆ, ರೆಸಿಸ್ಟರ್ ಹಾಕಿದರೆ 0.2. ಅದನ್ನು ಸೊನ್ನೆ ಮಾಡಲು ಹೊರಡುವುದಿಲ್ಲ.

ಮಳೆಗೆ ಮುಂಚೆ

ಟ್ಯಾಂಕಿನ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಅರ್ತಿಗೆ ಸೋರಿದರೆ ಲೈನ್ ಕಡಿಯುವ ಸ್ವಿಚ್) ಹಾಕಿಸಿದ್ದೇನೆ. ಇದು 1.1ಕ್ಕೆ ಅಲುಗಾಡುವುದಿಲ್ಲ, ಅಷ್ಟು ಸಣ್ಣ ಸೋರಿಕೆ ಹಿಡಿಯುವ ಕೆಲಸ ರೆಸಿಸ್ಟರಿನದು. ಆದರೆ ಪಂಪ್ ಪೂರ್ತಿ ಕೆಟ್ಟರೆ ಇದು ಬೇಕೇ ಬೇಕು. ನೀರಿನಿಂದ ಅರ್ತಿಗೆ ಟೈಟಾನಿಯಂ ಕಡ್ಡಿ ಇದ್ದರೆ ಕೈ ಹಾಕುವ ಮೊದಲೇ ಆರ್‌ಸಿಸಿಬಿ ಟ್ರಿಪ್ ಆಗುತ್ತದೆ. ಕಡ್ಡಿ ಇಲ್ಲದಿದ್ದರೆ ಕರೆಂಟಿಗೆ ದಾರಿ ನಮ್ಮ ಕೈಯೇ ಅಲ್ವಾ. ಆರ್‌ಸಿಸಿಬಿ ಇಲ್ಲದೆ ಬರೀ ಕಡ್ಡಿ ಹಾಕುವುದು ಮಾತ್ರ ಬೇಡ, ಕೆಟ್ಟ ಪಂಪಿನ ಕರೆಂಟ್ ಗೊತ್ತಾಗದೆ ನೀರಿನಲ್ಲಿ ಹರಿಯುತ್ತಲೇ ಇರುತ್ತದೆ.

ಕಡ್ಡಿ ಆರ್ಡರ್ ಮಾಡಿ ಆಗಿದೆ. ಅಷ್ಟರಲ್ಲಿ ಎಕ್ಸ್‌ಟೆನ್ಷನ್ ಬಾಕ್ಸ್ ಮೇಲೆ ಎತ್ತಿ, ಕೇಬಲ್ ಹಿಡಿದು ಬಂದ ನೀರು ಪ್ಲಗ್ಗಿಗೆ ಹೋಗದ ಹಾಗೆ ಕೇಬಲ್ಲುಗಳನ್ನು ಪ್ಲಗ್‌ಗಿಂತ ಕೆಳಗೆ ಜೋತು ಬಿಡಬೇಕು. ಕೇಬಲ್ ಹಿಡಿದು ಹತ್ತಿದ ಬಿಳಿ ಉಪ್ಪನ್ನೂ ಒರೆಸಬೇಕು, ಜೂನ್ ಗಾಳಿಗೆ ಅದು ಸುಮ್ನೆ ಒದ್ದೆಯಾಗಿ ಕರೆಂಟಿಗೆ ದಾರಿಯಾಗುತ್ತದೆ.