ಮನೆ ಮಾರುವ ಮುನ್ನ: ತಂತಿಗಳ ಲೆಕ್ಕ ಒಪ್ಪಿಸಿದ ಆರು ವಾರ

ಜೂನ್ 2

ದಾವಣಗೆರೆಯ ನಿಟುವಳ್ಳಿಯಲ್ಲಿರುವ ನಮ್ಮ ಮನೆಗೆ ಮುಂಗಡ ಪಡೆದು ಕ್ರಯದ ಕರಾರು ಬರೆದುಕೊಟ್ಟು ಮೂರು ದಿನಗಳಾದವು. ಕೊಳ್ಳುತ್ತಿರುವವರು ಜಗಳೂರು ಕಡೆಯ ಶಿಕ್ಷಕ ದಂಪತಿ. ನಿನ್ನೆ ಮತ್ತೊಮ್ಮೆ ಮನೆ ನೋಡಲು ಬಂದಾಗ ಮೇಷ್ಟ್ರು ಗೇಟಿನ ಬಳಿ ನಿಂತು, ಪೋರ್ಟಿಕೊದ ಮೂಲೆಯಲ್ಲಿದ್ದ ಕ್ಯಾಮೆರಾವನ್ನು ದಿಟ್ಟಿಸಿ, “ಇವೆಲ್ಲ ಇಲ್ಲೇ ಇರ್ತಾವೇನ್ರಿ, ಇಲ್ಲಾ ಬಿಚ್ಕೊಂಡು ಹೋಗ್ತೀರೋ?” ಎಂದು ಕೇಳಿದರು. ಹನ್ನೊಂದು ವರ್ಷಗಳಲ್ಲಿ ರಜೆಯ ದಿನಗಳನ್ನೆಲ್ಲ ಸುರಿದು ನಾನು ಗೋಡೆಯೊಳಗೆ ಎಳೆದ ತಂತಿಗಳ ಬಗ್ಗೆ ಕರಾರಿನಲ್ಲಿ ಒಂದು ಸಾಲೂ ಇಲ್ಲವೆಂಬುದು ನನಗೆ ಹೊಳೆದದ್ದು ಆಗಲೇ.

1882ರ ಸ್ವತ್ತು ವರ್ಗಾವಣೆ ಕಾಯಿದೆಯ 8ನೇ ಕಲಮಿನ ಪ್ರಕಾರ, ಬೇರೆ ಮಾತು ಆಗಿರದಿದ್ದರೆ, ಮನೆಯ ಜೊತೆಗೆ ಅದರ ಬೀಗ, ಕೀಲಿಕೈ, ಬಾಗಿಲು, ಕಿಟಕಿ ಹಾಗೂ ಮನೆಯ ಕಾಯಂ ಬಳಕೆಗೆಂದು ಒದಗಿಸಿದ ಇತರ ವಸ್ತುಗಳೂ ಕೊಂಡವರಿಗೆ ಸೇರುತ್ತವೆ. ಗೋಡೆಯೊಳಗಿನ ಕೇಬಲ್ ಇದರಲ್ಲಿ ಬರುತ್ತದೆಂಬುದರಲ್ಲಿ ನನಗೆ ಅನುಮಾನವಿಲ್ಲ. ನಾಲ್ಕು ಸ್ಕ್ರೂ ಬಿಚ್ಚಿದರೆ ಕೈಗೆ ಬರುವ ಕ್ಯಾಮೆರಾದ ವಿಷಯದಲ್ಲಿ ಮಾತ್ರ ಇಬ್ಬರೂ ತಮತಮಗೆ ಅನುಕೂಲವಾದಂತೆ ವಾದಿಸಬಹುದು. ಆದ್ದರಿಂದ ಕೇಬಲ್, ಗೋಡೆಯ ಸಾಕೆಟ್‌ಗಳು, ನಾಲ್ಕು ಕ್ಯಾಮೆರಾ, ಪಿಒಇ ಸ್ವಿಚ್ (ನೆಟ್‌ವರ್ಕ್ ಕೇಬಲಿನಲ್ಲೇ ಕ್ಯಾಮೆರಾಗೆ ವಿದ್ಯುತ್ತನ್ನೂ ಕಳಿಸುವ ಪೆಟ್ಟಿಗೆ) ಮತ್ತು ಎನ್‌ವಿಆರ್ (ಕ್ಯಾಮೆರಾಗಳ ದೃಶ್ಯ ದಾಖಲಿಸುವ ಪೆಟ್ಟಿಗೆ) ಮನೆಗೆ, ರೂಟರ್, ಯುಪಿಎಸ್ ಮತ್ತು ಹಾರ್ಡ್ ಡಿಸ್ಕ್ ನನಗೆ ಎಂದು ಪ್ರತ್ಯೇಕ ಹಾಳೆಯಲ್ಲಿ ಬರೆದು, ಇಬ್ಬರೂ ಸಹಿ ಹಾಕಿ ಕರಾರಿಗೆ ಲಗತ್ತಿಸಿದೆವು.

ಜೂನ್ 7 ಮತ್ತು 8

ಮೆಟ್ಟಿಲ ಕೆಳಗಿನ ಪೆಟ್ಟಿಗೆಗೆ ಏಳು ಕೇಬಲ್‌ಗಳು ಬಂದು ಸೇರುತ್ತವೆ. ನಾಲ್ಕಕ್ಕೆ ನಾನೇ ಅಂಟಿಸಿದ್ದ ಚೀಟಿಗಳಿದ್ದವು, ಎರಡರ ಮೇಲಿನ ಶಾಯಿ ಓದಲಾಗದಷ್ಟು ಮಾಸಿತ್ತು. ಒಂದು ತುದಿಗೆ ಸಂಕೇತ ಕಳುಹಿಸಿ ಇನ್ನೊಂದು ತುದಿಯಲ್ಲಿ ಕೀರಲು ದನಿ ಹೊರಡಿಸುವ ಟೋನ್ ಟೆಸ್ಟರನ್ನು ಸ್ನೇಹಿತರಿಂದ ಎರವಲು ತಂದು ಕೋಣೆ ಕೋಣೆ ಸುತ್ತಿದೆ. ಆರು ಸಿಕ್ಕವು. ಏಳನೆಯದರ ತುದಿ ಶನಿವಾರವೆಲ್ಲ ಹುಡುಕಿದರೂ ಸಿಗಲಿಲ್ಲ. ಭಾನುವಾರ ಬೆಳಿಗ್ಗೆ ನಮ್ಮ ಮನೆಯವರು ತಿಂಡಿ ಬಡಿಸುತ್ತ, ಅಡುಗೆಮನೆಯ ಕಪಾಟು ಮಾಡಿಸುವಾಗ ಬಡಗಿ ಯಾವುದೋ ಸಾಕೆಟ್ಟಿನ ಮೇಲೆಯೇ ಹಲಗೆ ಬಡಿದದ್ದನ್ನು ನೆನಪಿಸಿಕೊಂಡರು. ಟೆಸ್ಟರನ್ನು ಆ ಹಲಗೆಗೆ ತಾಗಿಸಿದ ಕೂಡಲೇ ಅದು ಕೀರಿತು. ಎಳೆದವನಾದ ನನಗೇ ಎರಡು ದಿನ ಹಿಡಿದ ಈ ಕೆಲಸ, ನಕ್ಷೆಯಿಲ್ಲದಿದ್ದರೆ ಮೇಷ್ಟ್ರಿಗೆ ಗೋಡೆ ಒಡೆಯುವ ಕೆಲಸವಾಗುತ್ತಿತ್ತು.

ಜೂನ್ 14

ಪೋರ್ಟಿಕೊದ ಕ್ಯಾಮೆರಾ ಹಗಲೆಲ್ಲ ಸರಿಯಾಗಿದ್ದು, ಕತ್ತಲಾದ ಮೇಲೆ ಹತ್ತು ನಿಮಿಷಕ್ಕೊಮ್ಮೆ ಆರಿ ಹೊತ್ತಿಕೊಳ್ಳುವುದು ಕಳೆದ ಮಳೆಗಾಲದಿಂದಲೂ ಇದ್ದ ಕಾಯಿಲೆ. ಇದ್ದ ಕಾಯಿಲೆಯನ್ನು ಮುಚ್ಚಿಟ್ಟು ಮಾರಲು ಮನಸ್ಸಾಗಲಿಲ್ಲ. ರಾತ್ರಿಯಾದೊಡನೆ ಇನ್‌ಫ್ರಾರೆಡ್ ದೀಪಗಳು ಹೊತ್ತುವುದರಿಂದ ಕ್ಯಾಮೆರಾ ಎಳೆಯುವ ವಿದ್ಯುತ್ತು ಹೆಚ್ಚುತ್ತದೆ, ದಾರಿಯಲ್ಲಿ ಪ್ರತಿರೋಧ ಹೆಚ್ಚಿದ್ದರೆ ತುದಿಯಲ್ಲಿ ವೋಲ್ಟೇಜ್ ಕುಸಿದು ಕ್ಯಾಮೆರಾ ತಾನಾಗಿ ಮರುಚಾಲನೆಗೊಳ್ಳುತ್ತದೆ. ಸ್ವಿಚ್ಚಿನ ಪ್ರತಿ ಪೋರ್ಟ್ 15.4 ವಾಟ್ ಕೊಡಬಲ್ಲದು ಮತ್ತು ಕೇಬಲಿನ ಉದ್ದ 100 ಮೀಟರಿನ ಮಿತಿಗಿಂತ ಬಹಳ ಕಡಿಮೆ, ಸುಮಾರು 30 ಮೀಟರ್. ಹಾಗಾಗಿ ಅನುಮಾನ ಕೇಬಲಿನ ಮೇಲೆಯೇ ಬಂತು.

ಸ್ಟೂಲು ಹತ್ತಿ ಜಂಕ್ಷನ್ ಬಾಕ್ಸ್ ತೆರೆದರೆ, 2019ರಲ್ಲಿ ಕ್ಯಾಮೆರಾ ಕೂರಿಸಿದವರು ಎರಡು ತುಂಡು ಕೇಬಲನ್ನು ಕೈಯಲ್ಲೇ ಹೆಣೆದು ಟೇಪು ಸುತ್ತಿ ಬಿಟ್ಟಿದ್ದರು; ಟೇಪಿನೊಳಗೆ ಹಸಿರು ಕಿಲುಬು ಹಿಡಿದಿತ್ತು. ಬ್ಲೇಡಿನಿಂದ ಒಂದು ಎಳೆಯನ್ನು ಕೆರೆದಾಗ ತಾಮ್ರದ ಬಣ್ಣದ ಕೆಳಗೆ ಬೆಳ್ಳಗೆ ಅಲ್ಯೂಮಿನಿಯಂ ಕಾಣಿಸಿತು. ತಾಮ್ರದ ಲೇಪವಿರುವ ಇಂಥ ಅಲ್ಯೂಮಿನಿಯಂ ಕೇಬಲ್ ಅಗ್ಗ, ಆದರೆ ಅದರ ಪ್ರತಿರೋಧ ಹೆಚ್ಚು ಮತ್ತು ಮಡಚಿದಲ್ಲಿ ಮುರಿಯುವ ಸ್ವಭಾವವೂ ಹೆಚ್ಚು. ಅಂದು ನಾನು ಎದುರಿಗೇ ಕುರ್ಚಿ ಹಾಕಿಕೊಂಡು ಕುಳಿತಿದ್ದೆ, ಒಂದು ತುಂಡನ್ನೂ ಕೆರೆದು ನೋಡಿರಲಿಲ್ಲ.

ಮಂಡಿಪೇಟೆಯಿಂದ ಶುದ್ಧ ತಾಮ್ರದ ಕ್ಯಾಟ್6 ನೆಟ್‌ವರ್ಕ್ ಕೇಬಲ್ ತಂದು, ಹಳೆಯ ಕೇಬಲಿನ ಬಾಲಕ್ಕೆ ಹೊಸದನ್ನು ಬಿಗಿದು ಎಳೆದೆವು. ಎರಡನೆಯ ತಿರುವಿನಲ್ಲಿ ಅದು ಸಿಕ್ಕಿಕೊಂಡಾಗ, ಹಿಂದಕ್ಕೆಳೆದು ಟಾಲ್ಕಂ ಪೌಡರ್ ಸವರಿ ಮತ್ತೆ ಬಿಟ್ಟೆವು. ಜೊತೆಗೊಂದು ನೈಲಾನ್ ದಾರವನ್ನೂ ಎಳೆದು ಪೈಪಿನಲ್ಲೇ ಬಿಟ್ಟಿದ್ದೇನೆ, ಮುಂದೆ ಇನ್ನೊಂದು ತಂತಿ ಬೇಕಾದವರು ಪರದಾಡಬೇಕಿಲ್ಲ. ಎರಡೂ ತುದಿಗಳಿಗೆ ಬಿಳಿ–ಕಿತ್ತಳೆ, ಕಿತ್ತಳೆ, ಬಿಳಿ–ಹಸಿರು, ನೀಲಿ, ಬಿಳಿ–ನೀಲಿ, ಹಸಿರು, ಬಿಳಿ–ಕಂದು, ಕಂದು ಎಂಬ ಕ್ರಮದಲ್ಲಿಯೇ ಆರ್‌ಜೆ45 ಪ್ಲಗ್ಗನ್ನು ಒತ್ತಿ ಕೂರಿಸಿದೆ.

ಜೂನ್ 22

ಎಂಟು ರಾತ್ರಿ ಕಾದು ನೋಡಿದೆ, ಪೋರ್ಟಿಕೊದ ಕ್ಯಾಮೆರಾ ಒಮ್ಮೆಯೂ ಆರಲಿಲ್ಲ. ಆದರೆ ಈ ವಾರ ಕಂಡದ್ದು ಕಿಲುಬಿಗಿಂತ ಕೆಟ್ಟದ್ದು. ಎನ್‌ವಿಆರನ್ನು ನನ್ನ ಮೊಬೈಲ್ ಆ್ಯಪಿನಿಂದ ಬಿಡಿಸಲು ಹೋದಾಗ, ನಾನು ಅದರ ಒಡೆಯನೇ ಅಲ್ಲ, ಯಾರೋ ಹಂಚಿಕೊಂಡದ್ದನ್ನು ನೋಡಲು ಅನುಮತಿ ಪಡೆದವನು ಮಾತ್ರ ಎಂದು ಆ್ಯಪ್ ತೋರಿಸಿತು. 2019ರಲ್ಲಿ ಕ್ಯಾಮೆರಾ ಕೂರಿಸಿದವರು ಅಂದು ಕ್ಯೂಆರ್ ಕೋಡನ್ನು ತಮ್ಮದೇ ಖಾತೆಯಲ್ಲಿ ಸ್ಕ್ಯಾನ್ ಮಾಡಿ, ನನಗೆ ಹಂಚಿಕೊಟ್ಟು ಹೋಗಿದ್ದರು. ಎಂದರೆ ನಮ್ಮ ಗೇಟು ತೆರೆಯುವುದೂ ಮುಚ್ಚುವುದೂ ಇಷ್ಟು ವರ್ಷ ಅವರು ಬಯಸಿದಾಗ ನೋಡಬಹುದಾಗಿತ್ತು. ಅವರು ನೋಡಿದರೆಂದು ನಾನು ಹೇಳುತ್ತಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಫೋನು ಮಾಡಿದಾಗ “ಅದೇನ್ ದೊಡ್ಡ ವಿಷ್ಯ ಬಿಡ್ರಿ ಸರ್” ಎಂದು ಐದೇ ನಿಮಿಷದಲ್ಲಿ ತಮ್ಮ ಖಾತೆಯಿಂದ ತೆಗೆದರು. ಇದನ್ನು ಹಾಗೆಯೇ ಬಿಟ್ಟಿದ್ದರೆ, ಫ್ಯಾಕ್ಟರಿ ರೀಸೆಟ್ ಮಾಡಿದರೂ ಮೇಷ್ಟ್ರು ತಮ್ಮ ಮೊಬೈಲಿಗೆ ಈ ಪೆಟ್ಟಿಗೆಯನ್ನು ಸೇರಿಸಲು ಆಗುತ್ತಿರಲಿಲ್ಲ, ಏಕೆಂದರೆ ಇಂಥ ಖಾತೆಯ ನಂಟು ಪೆಟ್ಟಿಗೆಯಲ್ಲಿ ಮಾತ್ರವಲ್ಲದೆ ಕಂಪನಿಯ ಸರ್ವರಿನಲ್ಲಿಯೂ ಇರುತ್ತದೆ.

ಜೂನ್ 29

ಕೊಳ್ಳುವವರು ಇಂದು ಮೇಸ್ತ್ರಿಯನ್ನು ಕರೆತಂದಿದ್ದರು. ಅವರು ಬರುವ ಮೊದಲೇ ಕ್ಯಾಮೆರಾಗಳ ಧ್ವನಿಮುದ್ರಣವನ್ನು ನಿಲ್ಲಿಸಿದ್ದೆ. ಅಂಗಳದಲ್ಲಿ ನಿಂತು ತಾರಸಿಯ ಸೋರಿಕೆಯ ಬಗ್ಗೆಯೋ ಬಾಕಿ ಹಣದ ಬಗ್ಗೆಯೋ ಅವರು ತಮ್ಮತಮ್ಮಲ್ಲಿ ಆಡಿಕೊಳ್ಳುವ ಮಾತು ನನ್ನ ಕಿವಿಗೆ ಬೀಳುವುದು ಸರಿಯಲ್ಲ. ಕ್ಯಾಮೆರಾ ಚಾಲೂ ಇದೆ, ಧ್ವನಿ ಇಲ್ಲ ಎಂದು ಅವರಿಗೆ ಬಾಯಿಬಿಟ್ಟು ಹೇಳಿದೆ. ಪಕ್ಕದ ಮನೆಯವರ ಬಟ್ಟೆ ಒಗೆಯುವ ಕಲ್ಲು ಕಾಣುತ್ತಿದ್ದ ಹಿತ್ತಿಲ ಕ್ಯಾಮೆರಾದ ಆ ಭಾಗವನ್ನೂ ಮರೆಮಾಡಿದ್ದೇನೆ. ಇದನ್ನು ಎಂದೋ ಮಾಡಬೇಕಿತ್ತು.

ಜುಲೈ 6

ಇಷ್ಟು ವರ್ಷಗಳಿಂದ ಬಂದುಹೋದವರೆಲ್ಲ ಹಾರ್ಡ್ ಡಿಸ್ಕಿನಲ್ಲಿ ಇದ್ದಾರೆಂದು ಮಕ್ಕಳು ನಂಬಿದ್ದರು. ಲೆಕ್ಕ ಬೇರೆಯೇ ಇದೆ. ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಬರೆದರೆ ದಿನಕ್ಕೆ ಸುಮಾರು 43 ಗಿಗಾಬೈಟ್, ನಾಲ್ಕು ಸೇರಿ 172 ಗಿಗಾಬೈಟ್. 2 ಟೆರಾಬೈಟಿನ ಡಿಸ್ಕ್ ಹನ್ನೊಂದೂವರೆ ದಿನಕ್ಕೆ ತುಂಬಿ, ಹಳೆಯದರ ಮೇಲೆ ಹೊಸದು ಬರೆಯತೊಡಗುತ್ತದೆ. ಆದರೂ ನಾವು ಎದ್ದು ಮಲಗುವ, ಬೀಗ ಹಾಕುವ ಹೊತ್ತುಗಳನ್ನು ತಿಳಿಯಲು ಹನ್ನೊಂದು ದಿನ ಸಾಕು. ಎನ್‌ವಿಆರಿನ ಫಾರ್ಮ್ಯಾಟ್ ಸಾಮಾನ್ಯವಾಗಿ ಪುಸ್ತಕದ ಪರಿವಿಡಿಯನ್ನಷ್ಟೇ ಹರಿದಂತೆ, ಪುಟಗಳು ಒಳಗೇ ಉಳಿದಿರುತ್ತವೆ. ಡಿಸ್ಕ್ ನನ್ನ ಬಳಿಯೇ ಉಳಿಯುವುದಾದರೂ, ಮುಂದೆ ಗುಜರಿಗೆ ಹೋಗಿಬಿಟ್ಟೀತೆಂದು ಕಂಪ್ಯೂಟರಿಗೆ ಜೋಡಿಸಿ ಪೂರ್ತಿ ಸೊನ್ನೆ ಬರೆಸಿದೆ. ಐದು ತಾಸು ಹಿಡಿಯಿತು.

ಏಳು ಕೇಬಲ್‌ಗಳ ನಕ್ಷೆಯನ್ನು ಎರಡು ಪ್ರತಿ ಬರೆದು, ಒಂದನ್ನು ಪೆಟ್ಟಿಗೆಯ ಬಾಗಿಲಿನ ಒಳಮೈಗೆ ಅಂಟಿಸಿದೆ. ಕಪಾಟಿನ ಹಿಂದಿನ ಸಾಕೆಟ್ಟಿನ ಅಳತೆಯನ್ನು ನೆಲದಿಂದಲೂ ಕಿಟಕಿಯ ಅಂಚಿನಿಂದಲೂ ಸೆಂಟಿಮೀಟರಿನಲ್ಲಿ ನಮೂದಿಸಿದ್ದೇನೆ.

ಜುಲೈ 14

ಮಧ್ಯಾಹ್ನ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕ್ರಯಪತ್ರದ ನೋಂದಣಿ ಮುಗಿಯಿತು. ಸಂಜೆ ಮೇಷ್ಟ್ರು ಕೊಂಡುತಂದ ಹೊಸ ಡಿಸ್ಕನ್ನು ಕೂರಿಸಿ, ರೀಸೆಟ್ ಮಾಡಿ, ಕ್ಯೂಆರ್ ಕೋಡನ್ನು ಅವರ ಮೊಬೈಲಿನಿಂದಲೇ ಸ್ಕ್ಯಾನ್ ಮಾಡಿಸಿದೆ. ಪಾಸ್‌ವರ್ಡ್ ಏನಿಡಲಿ ಎಂದು ಮೇಷ್ಟ್ರು ನನ್ನನ್ನೇ ಕೇಳಿದರು. ಅದು ನನಗೆ ತಿಳಿಯಬಾರದೆಂದು ಹೇಳಿ, ನಾನು ಹೊರಗೆ ಹೋಗಿ ಯುಪಿಎಸ್ಸನ್ನು ಆಟೋಗೆ ಏರಿಸತೊಡಗಿದೆ.