ಮೊದಲ ಪ್ರಶ್ನೆ ಯುದ್ಧದ ಬಗ್ಗೆ ಬೇಡ

ಈ ವಾರ ಡೆಸ್ಕ್‌ನಲ್ಲಿ ಮತ್ತೆ ಅದೇ ಜಗಳ. ನಿವೃತ್ತ ರಾಯಭಾರಿಯೊಬ್ಬರು ನಮ್ಮ ಸಂದರ್ಶನಕ್ಕೆ ಒಂದೂವರೆ ಗಂಟೆ ಕೊಡಲು ಒಪ್ಪಿದ್ದಾರೆ. ಮೇಲಿನವರಿಗೆ ಮೊದಲ ಐದು ನಿಮಿಷದಲ್ಲೇ ಯುದ್ಧ ಬೇಕು, ಸುಂಕ ಬೇಕು, ಚೀನಾ ಬೇಕು. ಪ್ರೊಮೋದ ಬೈಟ್, ಅಂದರೆ ಪ್ರಚಾರಕ್ಕೆ ಬಳಸುವ ಮಾತಿನ ತುಣುಕು, ಅಲ್ಲಿಂದಲೇ ಎತ್ತಬೇಕಂತೆ. ಹಾಗೆ ಶುರು ಮಾಡಿದ ಹಿಂದಿನ ಎಪಿಸೋಡ್ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಅದರ ಅತಿಥಿಯಾಗಿದ್ದ ಪ್ರಾಧ್ಯಾಪಕರು ಮುಕ್ಕಾಲು ಪಾಲು ಸಮಯ ಆ ದಿನದ ಸುದ್ದಿಯ ಬಗ್ಗೆಯೇ ಮಾತಾಡಿದರು. ಎಡಿಟ್ ಮುಗಿದು ಥಂಬ್‌ನೇಲ್ ಸಿದ್ಧವಾಗುವ ಹೊತ್ತಿಗೆ ಕದನವಿರಾಮ ಆಗಿ ಅಷ್ಟೂ ಹಳಸಿತು. ಅವರು ಯಾವ ಪತ್ರಾಗಾರದಲ್ಲಿ ವರ್ಷಗಟ್ಟಲೆ ಕೂತರು, ಯಾರ ವಾದವನ್ನು ಒಡೆದರು, ಯಾವುದನ್ನು ಆಮೇಲೆ ಬಿಟ್ಟುಕೊಟ್ಟರು ಎನ್ನುವುದಕ್ಕೆ ಉಳಿದದ್ದು ಕೊನೆಯ ಕೆಲವೇ ನಿಮಿಷ. ಅಂಥ ವಿದ್ವಾಂಸರನ್ನು ಕೂರಿಸಿಕೊಂಡು, ಟಿವಿ ಚರ್ಚೆಯಲ್ಲಿ ಅವರೇ ಹೇಳಿದ್ದನ್ನು ಮತ್ತೊಮ್ಮೆ ಹೇಳಿಸಿ ಕಳಿಸಿದ್ದು ಇವತ್ತಿಗೂ ಚುಚ್ಚುತ್ತದೆ.

ದೊಡ್ಡವರ ಸಂದರ್ಶನದಲ್ಲಿ ಜಗತ್ತಿನ ವಿಷಯ ಬರಲೇಬೇಕು. ಆದರೆ ಅದು ಅವರ ವೃತ್ತಿಯ ಮೂಲಕ ಬರಬೇಕು. ಅಭಿಪ್ರಾಯ ಎಲ್ಲಿ ಬೇಕಾದರೂ ಸಿಗುತ್ತದೆ. ಒಂದು ನಿರ್ಧಾರ ಆದಾಗ ಆ ಕೋಣೆಯಲ್ಲಿ ಏನು ನಡೆಯಿತು ಎಂಬ ನೆನಪು ಅಲ್ಲಿದ್ದವರ ಹತ್ತಿರ ಮಾತ್ರ ಇರುತ್ತದೆ.

ಇದನ್ನು ಪಟ್ಟುಹಿಡಿದು ಮಾಡಿ ತೋರಿಸಿದ್ದು ಅಮೆರಿಕದ ಬರ್ಕ್‌ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ಅಲ್ಲಿನ ಅಂತರರಾಷ್ಟ್ರೀಯ ಅಧ್ಯಯನ ಸಂಸ್ಥೆಯಲ್ಲಿ ಹ್ಯಾರಿ ಕ್ರೈಸ್ಲರ್ 1982ರಲ್ಲಿ 'ಕಾನ್ವರ್ಸೇಷನ್ಸ್ ವಿತ್ ಹಿಸ್ಟರಿ' ಎಂಬ ಸಂದರ್ಶನ ಸರಣಿ ಶುರು ಮಾಡಿದರು. ಅರ್ಥಶಾಸ್ತ್ರಜ್ಞ ಗಾಲ್‌ಬ್ರೈತ್, ಭಾಷಾವಿಜ್ಞಾನಿ ಚಾಮ್‌ಸ್ಕಿ, ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾಗಿದ್ದ ಮೆಕ್‌ನಮಾರ, ಅಂತರರಾಷ್ಟ್ರೀಯ ಸಂಬಂಧಗಳ ವಿದ್ವಾಂಸ ಕೆನೆತ್ ವಾಲ್ಟ್ಜ್ ಎಲ್ಲರೂ ಆ ಕುರ್ಚಿಯಲ್ಲಿ ಕೂತವರು. ಸುಮಾರು ಒಂದು ಗಂಟೆಯ ಮಾತು. ಶುರುವಾಗುತ್ತಿದ್ದುದು ಬಹುಪಾಲು ಒಂದೇ ಬಗೆಯಲ್ಲಿ: ಹುಟ್ಟಿ ಬೆಳೆದದ್ದೆಲ್ಲಿ, ಜಗತ್ತನ್ನು ನೋಡುವ ನಿಮ್ಮ ರೀತಿಯ ಮೇಲೆ ತಂದೆತಾಯಿಯ ಪ್ರಭಾವ ಏನು? ಅಲ್ಲಿಂದ ಓದು, ಗುರುಗಳು, ವೃತ್ತಿ, ಆಮೇಲೆ ಲೋಕ. ಇದು ಉಪಚಾರದ ಪ್ರಶ್ನೆ ಅಲ್ಲ. ನಲವತ್ತು ನಿಮಿಷದ ನಂತರ ಅತಿಥಿ ಪರಮಾಣು ಅಸ್ತ್ರದ ಬಗ್ಗೆ ಒಂದು ನಿಲುವು ಹೇಳಿದಾಗ, ಆ ನಿಲುವು ಎಲ್ಲಿಂದ ಬಂತು ಅಂತ ಕೇಳುಗನಿಗೆ ಆಗಲೇ ಗೊತ್ತಿರುತ್ತದೆ. ನಮ್ಮ ಮೇಲಿನವರು 'ಬಾಲ್ಯ ಯಾರಿಗೆ ಬೇಕು' ಅನ್ನುವಾಗ ಈ ಕಾರ್ಯಕ್ರಮದ ಹಳೆಯ ರೆಕಾರ್ಡಿಂಗ್ ಹಾಕಿ ತೋರಿಸಿ. ದಶಕಗಳ ಹಿಂದಿನ ಮಾತು ಇವತ್ತಿಗೂ ಕೇಳುವಂತಿದೆ.

ತಯಾರಿಯ ಮುಖ್ಯ ಸಾಧನ ಪ್ರಶ್ನಾವಳಿ ಅಲ್ಲ, ಕಾಲಪಟ್ಟಿ. ಎ4 ಹಾಳೆಯನ್ನು ಅಡ್ಡ ಇಟ್ಟು ಮೂರು ಕಾಲಂ ಹಾಕಿ. ಎಡಕ್ಕೆ ಇಸವಿ, ಸಾಧ್ಯವಾದರೆ ತಿಂಗಳು. ನಡುವೆ, ಆಗ ಅತಿಥಿ ಯಾವ ಊರಿನಲ್ಲಿ ಯಾವ ಹುದ್ದೆಯಲ್ಲಿದ್ದರು. ಬಲಕ್ಕೆ, ಅದೇ ಹೊತ್ತಿನಲ್ಲಿ ಆ ಊರಿನಲ್ಲಿ, ಆ ಕ್ಷೇತ್ರದಲ್ಲಿ ಏನು ನಡೆದಿತ್ತು. ಎರಡು ಪುಟ ದಾಟಬಾರದು. ದಾಟಿದರೆ ರೆಕಾರ್ಡಿಂಗ್ ನಡುವೆ ಕಣ್ಣು ಹಾಳೆಯ ಮೇಲೇ ಉಳಿಯುತ್ತದೆ. ನಡುವಿನ ಮತ್ತು ಬಲಗಡೆಯ ಕಾಲಂ ಎಲ್ಲಿ ಒಂದಕ್ಕೊಂದು ತಾಗುತ್ತವೋ ಅಲ್ಲಿ ಕೆಂಪು ಗುರುತು. ಎಡಗಡೆ ಇಸವಿ ಇದ್ದೂ ನಡುವೆ ಖಾಲಿ ಇದ್ದರೆ ಅಲ್ಲಿ ಇನ್ನೂ ದೊಡ್ಡ ಗುರುತು. ಸಿವಿಯಲ್ಲಿ ಎರಡು ವರ್ಷ ಕಾಣೆಯಾಗಿದೆ ಅಂದರೆ ಅಲ್ಲಿ ಕೆಲಸ ಹೋಗಿರಬಹುದು, ಕಾಯಿಲೆ ಬಂದಿರಬಹುದು, ಬರೆಯಲು ಹೊರಟ ಪುಸ್ತಕ ನಿಂತಿರಬಹುದು.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸೋಣ. ಬೆನಗಲ್ ನರಸಿಂಗ ರಾವ್. 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು, ಬ್ರಿಟಿಷ್ ಕಾಲದ ನಾಗರಿಕ ಸೇವೆಯಾದ ಐಸಿಎಸ್‌ನ ಅಧಿಕಾರಿ, ಸಂವಿಧಾನ ಸಭೆಯ ಸಂವಿಧಾನ ಸಲಹೆಗಾರರು, ಆಮೇಲೆ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿ. ಅವರ ಕಾಲಪಟ್ಟಿಯಲ್ಲಿ 1950ರ ಜೂನ್ ಸಾಲಿಗೆ ಬನ್ನಿ. ನಡುವಿನ ಕಾಲಂ: ಆ ತಿಂಗಳು ಭದ್ರತಾ ಮಂಡಳಿಯ ಅಧ್ಯಕ್ಷತೆ ಭಾರತದ್ದು, ಕುರ್ಚಿಯಲ್ಲಿ ರಾವ್. ಬಲಗಡೆ: ಜೂನ್ 25, ಉತ್ತರ ಕೊರಿಯಾದ ದಾಳಿ. ಸೋವಿಯತ್ ಪ್ರತಿನಿಧಿ ಗೈರು, ಏಕೆಂದರೆ ಚೀನಾದ ಸ್ಥಾನದ ವಿಚಾರಕ್ಕೆ ಅವರು ಜನವರಿಯಿಂದಲೇ ಬಹಿಷ್ಕಾರ ಹಾಕಿದ್ದರು. ದಾಳಿ ನಿಲ್ಲಿಸಿ ಎಂದ ಅದೇ ದಿನದ 82ನೇ ನಿರ್ಣಯದ ಪರವಾಗಿ ಭಾರತದ ಮತ ಬಿತ್ತು. ಜೂನ್ 27ರ 83ನೇ ನಿರ್ಣಯ ದಕ್ಷಿಣ ಕೊರಿಯಾಕ್ಕೆ ನೆರವು ಕೊಡಿ ಎಂದಿತು. ಏಳು ಪರ, ಯುಗೊಸ್ಲಾವಿಯ ವಿರುದ್ಧ. ಭಾರತ ಮತ್ತು ಈಜಿಪ್ಟ್ ತಮ್ಮ ಸರ್ಕಾರಗಳ ಸೂಚನೆ ಬಾರದೆ ಮತ ಹಾಕಲಿಲ್ಲ. ಜೂನ್ 29ರಂದು ಭಾರತ ಆ ನಿರ್ಣಯವನ್ನು ಒಪ್ಪಿರುವುದಾಗಿ ತಿಳಿಸಿತು.

ಈಗ ಅಂಥ ಜಾಗದಲ್ಲಿ ಇದ್ದವರೊಬ್ಬರು ಎದುರು ಕೂತಿದ್ದಾರೆ ಅಂದುಕೊಳ್ಳಿ. 'ಕೊರಿಯಾ ಯುದ್ಧದಲ್ಲಿ ಭಾರತದ ಪಾತ್ರ ಏನು ಸರ್?' ಅಂದರೆ ಪಠ್ಯಪುಸ್ತಕದ ಉತ್ತರ ಬರುತ್ತದೆ. 'ಸಭೆ ಕರೆದಾಗ ನಿಮ್ಮ ಕೈಯಲ್ಲಿ ದೆಹಲಿಯ ತಂತಿ ಸಂದೇಶ ಇತ್ತಾ?', 'ಅಧ್ಯಕ್ಷರ ಕುರ್ಚಿಯಲ್ಲಿ ಕೂತು ನಿಮ್ಮ ದೇಶದ ಮತ ತಡೆಹಿಡಿಯುವಾಗ ಪಕ್ಕದವರು ಏನೆಂದರು?', 'ಆ ಎರಡು ದಿನ ದೆಹಲಿಯಲ್ಲಿ ಯಾರ ಜೊತೆ ಮಾತಾಡಿದಿರಿ?' ಅಂದರೆ ಎಲ್ಲೂ ಅಚ್ಚಾಗದ ಉತ್ತರ ಬರುವ ಸಾಧ್ಯತೆ ಇದೆ. ಪ್ರಶ್ನೆಯಲ್ಲಿ ದಿನ, ಜಾಗ, ಕ್ರಿಯಾಪದ ಇರಬೇಕು. 'ಏನನ್ನಿಸುತ್ತದೆ' ಬದಲು 'ಏನು ಮಾಡಿದಿರಿ'.

ವಿದ್ವಾಂಸರಿಗೆ ಈ ಲೆಕ್ಕ ಸ್ವಲ್ಪ ಬೇರೆ. ಅವರ ಬದುಕಿನ ದೊಡ್ಡ ಘಟನೆಗಳು ಹೊರಗೆ ಕಾಣುವುದಿಲ್ಲ. ಯಾವ ದಾಖಲೆ ಸಿಕ್ಕಿದ ಮೇಲೆ ವಾದ ಬದಲಾಯಿತು, ಯಾರು ತಿರಸ್ಕರಿಸಿದರು, ಮೊದಲ ಆವೃತ್ತಿಯಲ್ಲಿ ಇದ್ದ ಯಾವ ಮಾತನ್ನು ಎರಡನೆಯದರಲ್ಲಿ ತೆಗೆದರು: ಇವನ್ನು ಕೇಳಬೇಕು. ಹಾಗೆ ಕೇಳಲು ಎರಡೂ ಆವೃತ್ತಿಗಳ ಮುನ್ನುಡಿಯನ್ನಾದರೂ ಓದಿರಬೇಕು. ವಿಕಿಪೀಡಿಯ ಓದಿ ಬಂದವರನ್ನು ಪ್ರಾಧ್ಯಾಪಕರು ಮೂರನೇ ಪ್ರಶ್ನೆಗೇ ಗುರುತಿಸುತ್ತಾರೆ, ಅಲ್ಲಿಂದಾಚೆ ಮೊದಲ ವರ್ಷದ ವಿದ್ಯಾರ್ಥಿಗೆ ಪಾಠ ಮಾಡಿದ ಹಾಗೆ ಉತ್ತರಿಸುತ್ತಾರೆ.

ತಯಾರಿ ಎಷ್ಟು ದೂರ ಹೋಗಬೇಕು ಎನ್ನುವುದಕ್ಕೆ ಬ್ರಿಟಿಷ್ ಟಿವಿ ನಿರೂಪಕ ಡೇವಿಡ್ ಫ್ರಾಸ್ಟ್ ಅಮೆರಿಕದ ಮಾಜಿ ಅಧ್ಯಕ್ಷ ನಿಕ್ಸನ್ ಅವರನ್ನು ಸಂದರ್ಶಿಸಿದ 1977ರ ರೆಕಾರ್ಡಿಂಗ್ ನೋಡಿ. ನಿಕ್ಸನ್‌ಗೆ ಆರು ಲಕ್ಷ ಡಾಲರ್ ಸಂಭಾವನೆ, ಮೇಲೆ ಲಾಭದಲ್ಲಿ ಪಾಲು, ಒಟ್ಟು 28 ಗಂಟೆಗೂ ಹೆಚ್ಚು ಟೇಪ್. ನಿಕ್ಸನ್ ಅಧಿಕಾರ ಬಿಡುವಂತೆ ಮಾಡಿದ ವಾಟರ್‌ಗೇಟ್ ಹಗರಣದ ಭಾಗ ಗಟ್ಟಿಯಾಗಿದ್ದು ಫ್ರಾಸ್ಟ್ ಅವರ ಮಾತಿನ ಚಾತುರ್ಯದಿಂದ ಮಾತ್ರ ಅಲ್ಲ. ಸಂಶೋಧಕ ಜೇಮ್ಸ್ ರೆಸ್ಟನ್ ಜೂನಿಯರ್ ನ್ಯಾಯಾಲಯದ ಕಡತಗಳಲ್ಲಿ ನಿಕ್ಸನ್ ಮತ್ತು ಅವರ ಸಹಾಯಕ ಕೋಲ್ಸನ್ ಮಾತುಕತೆಯ ಬರಹರೂಪವನ್ನು ಹುಡುಕಿ ತೆಗೆದಿದ್ದರು. ಇನ್ನೊಂದು ಸಂಗತಿಯನ್ನು ಪ್ರೊಡ್ಯೂಸರ್‌ಗಳು ಗಮನಿಸಬೇಕು. ಅಧ್ಯಕ್ಷರು ಮಾಡಿದರೆ ಅದು ಕಾನೂನುಬಾಹಿರ ಅಲ್ಲ ಎಂಬರ್ಥದ, ಇವತ್ತಿಗೂ ಎಲ್ಲರೂ ಉದ್ಧರಿಸುವ ಉತ್ತರ ಬಂದದ್ದು ವಾಟರ್‌ಗೇಟ್ ಭಾಗದಲ್ಲಿ ಅಲ್ಲ, ದೇಶದೊಳಗಿನ ವಿರೋಧಿಗಳ ಮೇಲೆ ಬೇಹುಗಾರಿಕೆ ನಡೆಸುವ ಹ್ಯೂಸ್ಟನ್ ಯೋಜನೆಯ ಬಗ್ಗೆ ಕೇಳಿದಾಗ. ಪ್ರೊಮೋಗೆ ಅಂತ ಮೊದಲೇ ಗುರುತು ಹಾಕಿಟ್ಟ ಪ್ರಶ್ನೆಯಲ್ಲೇ ಒಳ್ಳೆಯ ಬೈಟ್ ಬರುತ್ತದೆ ಅನ್ನುವ ಖಾತ್ರಿ ಯಾವ ಮ್ಯಾನೇಜ್‌ಮೆಂಟಿಗೂ ಇಲ್ಲ.

ನೆನಪು ಕೈಕೊಡುತ್ತದೆ, ಎಂಥವರಿಗೂ. ಭಾರತ–ಸೋವಿಯತ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1971ರ ಆಗಸ್ಟ್ 9ಕ್ಕೆ, ಪಾಕಿಸ್ತಾನದ ಜೊತೆ ಯುದ್ಧ ಶುರುವಾದದ್ದು ಡಿಸೆಂಬರ್ 3ಕ್ಕೆ. ಮಾತಿನ ಭರದಲ್ಲಿ ಇವು ಹಿಂದುಮುಂದಾಗುತ್ತವೆ. 'ಅಲ್ಲ ಸರ್, ಅದು ಆಗಸ್ಟ್' ಅಂತ ಅಡ್ಡ ಹೊಡೆದರೆ ಅತಿಥಿ ಜಾಗರೂಕರಾಗಿ ಆಮೇಲಿನ ಎಲ್ಲ ಉತ್ತರವನ್ನೂ ಅಳೆದು ಕೊಡುತ್ತಾರೆ. ವಾಕ್ಯ ಮುಗಿಯಲಿ, ಎರಡು ಉಸಿರು ಬಿಡಿ, 'ಇದು ಸೋವಿಯತ್ ಒಪ್ಪಂದಕ್ಕೆ ಮೊದಲೋ, ಆಮೇಲೋ ಸರ್?' ಅಂತ ಕೇಳಿ. ಬಹುತೇಕರು ತಾವೇ ಸರಿಮಾಡಿಕೊಳ್ಳುತ್ತಾರೆ. ಎಡಿಟ್‌ಗೂ ಶುದ್ಧ ವಾಕ್ಯ ಸಿಗುತ್ತದೆ. ಉತ್ತರ ಮುಗಿದಂತೆ ಕಂಡಾಗಲೂ ನಾಲ್ಕೈದು ಸೆಕೆಂಡ್ ಸುಮ್ಮನಿರಿ. ಕ್ಯಾಮೆರಾ ಹಿಂದೆ ಇರುವವರಿಗೆ ಆ ಮೌನ ಅಸಾಧ್ಯ ಉದ್ದ ಅನ್ನಿಸುತ್ತದೆ, ಆದರೆ ಎಡಿಟ್‌ನಲ್ಲಿ ಹೋಗುತ್ತದೆ. ಅನೇಕ ಸಲ ನಿಜವಾದ ಉತ್ತರ ಆ ಮೌನದ ನಂತರವೇ ಶುರುವಾಗುವುದು.

ಅತ್ಯಂತ ಬಿಗಿಯಾದ ಗಳಿಗೆ ಎಂದರೆ ಮಧ್ಯದಲ್ಲಿ ಅತಿಥಿ ಕೈ ಎತ್ತಿ 'ಇದು ಆಫ್ ದಿ ರೆಕಾರ್ಡ್' ಅನ್ನುವುದು. ತಲೆಯಾಡಿಸಿ ಮುಂದೆ ಹೋದರೆ ಮುಗಿಯಿತು, ಆಮೇಲೆ ಯಾವ ವಾಕ್ಯದಿಂದ ಯಾವ ವಾಕ್ಯದವರೆಗೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಅಲ್ಲಿಯೇ ನಿಲ್ಲಿಸಿ, ರೆಕಾರ್ಡರ್ ಓಡುತ್ತಿರುವಾಗಲೇ ಗಟ್ಟಿಯಾಗಿ ಕೇಳಬೇಕು: ಬಳಸಲೇಬಾರದಾ, ಹೆಸರು ಹೇಳದೆ ಬಳಸಬಹುದಾ, ಇಷ್ಟು ವರ್ಷದ ನಂತರ ಬಳಸಬಹುದಾ? ವಿದೇಶಾಂಗ ವಲಯದವರು 'ಚಾಥಮ್ ಹೌಸ್ ರೂಲ್' ಅನ್ನುತ್ತಾರೆ. 1927ರಿಂದ ಇರುವ ಆ ನಿಯಮದ ಪ್ರಕಾರ ಮಾಹಿತಿಯನ್ನು ಬಳಸಬಹುದು, ಹೇಳಿದವರ ಹೆಸರು, ಸಂಸ್ಥೆ, ಜೊತೆಗಿದ್ದವರ ಗುರುತು ಬಿಟ್ಟುಕೊಡುವಂತಿಲ್ಲ. ಮುಖ ಕಾಣುವ ವಿಡಿಯೋದಲ್ಲಿ ಇದನ್ನು ಪಾಲಿಸಲು ಆಗುವುದೇ ಇಲ್ಲ, ಹಾಗಂತ ಅವರಿಗೆ ಅಲ್ಲೇ ಹೇಳಬೇಕು. ಉತ್ತರ ಬಂದ ಮೇಲೆ ಟೈಮ್‌ಕೋಡ್ (ರೆಕಾರ್ಡಿಂಗ್‌ನ ಎಷ್ಟನೇ ನಿಮಿಷ, ಸೆಕೆಂಡ್ ಎಂಬುದು) ಬರೆದು, 'ಇಲ್ಲಿಂದ ಮತ್ತೆ ಆನ್ ರೆಕಾರ್ಡ್' ಅಂತ ಇಬ್ಬರೂ ಹೇಳಿ ಮುಂದುವರಿಯಿರಿ. ಅತಿಥಿ ಗುಪ್ತಚರ ಅಥವಾ ಭದ್ರತಾ ಸಂಸ್ಥೆಯಿಂದ ನಿವೃತ್ತರಾಗಿದ್ದರೆ 2021ರ ಪಿಂಚಣಿ ನಿಯಮದ ತಿದ್ದುಪಡಿ ನೆನಪಿರಲಿ. ಆರ್‌ಟಿಐ ಕಾಯ್ದೆಯ ಎರಡನೇ ಅನುಸೂಚಿಯಲ್ಲಿರುವ ಸಂಸ್ಥೆಗಳಲ್ಲಿ ಕೆಲಸ ಮಾಡಿದವರು ಆ ಸಂಸ್ಥೆಯ ವ್ಯಾಪ್ತಿಗೆ ಬರುವ ವಿಷಯದ ಬಗ್ಗೆ ಪ್ರಕಟಿಸಲು ಪೂರ್ವಾನುಮತಿ ಬೇಕು. ಅನುಮತಿ ಇದೆಯಾ ಅಂತ ದಿನ ಗೊತ್ತುಮಾಡುವಾಗಲೇ ಕೇಳಿ, ಮೈಕ್ ಹಾಕಿದ ಮೇಲಲ್ಲ. ಅವರ ಪಿಂಚಣಿಯ ಪ್ರಶ್ನೆ ಅದು.

ಇನ್ನು ಧ್ವನಿ. ಕಾಲರ್ ಮೈಕ್ ಗದ್ದದಿಂದ ಒಂದು ಗೇಣು ಕೆಳಗೆ. ರೇಷ್ಮೆ ಸೀರೆ, ಜರಿ ಶಲ್ಯಗಳ ಮೇಲೆ ಸಿಕ್ಕಿಸಿದರೆ ಪ್ರತಿ ಉಸಿರಿಗೂ ಸರಸರ ಸದ್ದು. ಬಟ್ಟೆಗೂ ಮೈಕಿನ ತಂತಿಗೂ ನಡುವೆ ಟೇಪ್ ಹಾಕಿ, ತಂತಿಯನ್ನು ಒಂದು ಸುತ್ತು ಸಡಿಲ ಬಿಡಿ. ರೆಕಾರ್ಡರ್‌ನ ಮೀಟರ್‌ನಲ್ಲಿ ಮಾತಿನ ಏರು −12 ಡಿಬಿ (ಡೆಸಿಬಲ್) ಆಸುಪಾಸಿನಲ್ಲಿರಲಿ. ಒಬ್ಬೊಬ್ಬರಿಗೆ ಬೇರೆ ಟ್ರ್ಯಾಕ್. ಅತಿಥಿಯ ಮೈಕನ್ನೇ ಇನ್ನೊಂದು ಟ್ರ್ಯಾಕ್‌ಗೆ 10 ಡಿಬಿ ಕಡಿಮೆ ಮಟ್ಟದಲ್ಲಿ ಹಾಕಿ, ಏಕೆಂದರೆ ತಣ್ಣಗೆ ಮಾತಾಡುವವರು ನಕ್ಕಾಗಲೇ ಧ್ವನಿ ಒಡೆಯುವುದು. 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್ ಅಂದರೆ ಒಂದು ಟ್ರ್ಯಾಕ್‌ಗೆ ಗಂಟೆಗೆ ಅರ್ಧ ಜಿಬಿಗಿಂತ ಸ್ವಲ್ಪ ಹೆಚ್ಚು. ಮೂರು ಟ್ರ್ಯಾಕ್, ಎರಡು ಗಂಟೆ ಎಂದರೆ ಮೂರು ಜಿಬಿ ದಾಟುತ್ತದೆ, ಕಾರ್ಡ್ ಖಾಲಿ ಮಾಡಿಕೊಂಡೇ ಹೋಗಿ. ಮನೆಗೆ ಹೋಗಿ ರೆಕಾರ್ಡ್ ಮಾಡುವಾಗ ಫ್ಯಾನ್, ಫ್ರಿಜ್, ಯುಪಿಎಸ್ ಮೂರನ್ನೂ ನೋಡಿ. ಫ್ರಿಜ್ ಆರಿಸಿದರೆ ಕಾರಿನ ಕೀಯನ್ನು ಅದರ ಮೇಲೆ ಇಡಿ, ಮತ್ತೆ ಹಾಕದೆ ಹೊರಡಲು ಆಗುವುದಿಲ್ಲ. ಕೊನೆಗೆ ಒಂದು ನಿಮಿಷ ಯಾರೂ ಮಾತಾಡದೆ ಕೋಣೆಯ ಸದ್ದು ಹಿಡಿಯಿರಿ. ಅತಿಥಿಗೆ ಎಂಬತ್ತು ದಾಟಿದ್ದರೆ ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿ, ಮುಕ್ಕಾಲು ಗಂಟೆಗೊಮ್ಮೆ ಬಿಡುವು ಕೊಡಿ. ಆ ಬಿಡುವಿನಲ್ಲಿ ಮುಂದಿನ ವಿಷಯ ಎತ್ತಬೇಡಿ. ಎತ್ತಿದರೆ ಒಳ್ಳೆಯ ಮಾತೆಲ್ಲ ಕಾಫಿ ಕುಡಿಯುವಾಗಲೇ ಖರ್ಚಾಗುತ್ತದೆ.

ಬ್ಯಾಕಪ್ ಬಗ್ಗೆ ಟೂಲ್ಸ್ ತಂಡದವರು ಕ್ಲೌಡ್ ಇದೆ ಅನ್ನುತ್ತಾರೆ, ಅಪ್‌ಲೋಡ್ ಅರ್ಧದಲ್ಲಿ ನಿಂತದ್ದು ಮಾತ್ರ ಯಾರಿಗೂ ಕಾಣಿಸುವುದಿಲ್ಲ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಕ್ಷೇತ್ರಕಾರ್ಯ ಮಾಡಿ, ಆ ಟಿಪ್ಪಣಿಗಳನ್ನು ವರ್ಷಾನುಗಟ್ಟಲೆ ಸಂಸ್ಕರಿಸಿದ್ದರು. 1970ರ ಏಪ್ರಿಲ್‌ನಲ್ಲಿ ಅವರಿದ್ದ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಅಧ್ಯಯನ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿ ಹಚ್ಚಿದಾಗ ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಪ್ರತಿಗಳು ಮೂರಿದ್ದವು, ಆದರೆ ಮೂರೂ ಒಂದೇ ಕಡೆ ಇದ್ದವು. ಅವರು ನೆನಪಿನಿಂದಲೇ ಆ ಹಳ್ಳಿಯ ಬಗ್ಗೆ ಬರೆದ ಪುಸ್ತಕ 1976ರಲ್ಲಿ ಬಂತು. ನಮ್ಮ ಅತಿಥಿಯ ದನಿಯನ್ನು ಯಾರೂ ನೆನಪಿನಿಂದ ಬರೆಯಲಾರರು. ಆದ್ದರಿಂದ ಸ್ಥಳ ಬಿಡುವ ಮೊದಲು ಕಾರ್ಡ್‌ನಿಂದ ಲ್ಯಾಪ್‌ಟಾಪ್‌ಗೆ ಒಂದು, ಹೊರಗಿನ ಡಿಸ್ಕ್‌ಗೆ ಒಂದು. ಡಿಸ್ಕ್ ಬೇರೆಯವರ ಚೀಲದಲ್ಲಿ, ಬೇರೆ ಗಾಡಿಯಲ್ಲಿ ಹೋಗಲಿ. ಕಾಪಿ ಆದ ಫೈಲ್‌ನ ಮೊದಲು, ಮಧ್ಯ, ಕೊನೆ ಹೆಡ್‌ಫೋನ್ ಹಾಕಿ ಕೇಳಿ. ಎರಡೂ ಪ್ರತಿ ಸರಿ ಇವೆ ಎಂದಾಗುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡುವಂತಿಲ್ಲ, ಮಧ್ಯಾಹ್ನ ಇನ್ನೊಂದು ಶೂಟ್ ಇದ್ದರೂ ಸರಿ. ಹೊಸ ಕಾರ್ಡ್ ಕೊಡಿಸಿ ಅಂತ ಮ್ಯಾನೇಜ್‌ಮೆಂಟಿಗೆ ಇನ್ನೊಂದು ಮೇಲ್ ಹೋಗಲಿ.

ಮಾತನ್ನು ಬರಹಕ್ಕೆ ಇಳಿಸುವ ಕೆಲಸಕ್ಕೆ ಒಂದು ಗಂಟೆಯ ಮಾತಿಗೆ ಕನಿಷ್ಠ ನಾಲ್ಕರಿಂದ ಆರು ಗಂಟೆ ಇಟ್ಟುಕೊಳ್ಳಿ. ಆಟೋ ಟ್ರಾನ್ಸ್‌ಕ್ರಿಪ್ಟ್ ಮೊದಲ ಕರಡಿಗೆ ಆಗುತ್ತದೆ, ಆದರೆ ಅರ್ಧ ಇಂಗ್ಲಿಷ್ ಅರ್ಧ ಕನ್ನಡದ ವಾಕ್ಯದಲ್ಲಿ ದಾರಿ ತಪ್ಪುತ್ತದೆ. ಇಪ್ಪತ್ತನ್ನು ಎಪ್ಪತ್ತು ಮಾಡುತ್ತದೆ, ವಿದೇಶಿ ಹೆಸರುಗಳನ್ನು ಊರ ಹೆಸರು ಮಾಡುತ್ತದೆ. ಇಸವಿ, ಹೆಸರು, ಮೊತ್ತ ಮೂರನ್ನೂ ಆಡಿಯೋ ಕೇಳಿಯೇ ತಿದ್ದಬೇಕು. ಆಮೇಲೆ ಅತಿಥಿಗೆ ಕಳಿಸಿ, ಜೊತೆಗೆ ಎರಡು ಸಾಲು ಬರೆಯಿರಿ: ಸಂಗತಿಯ ತಪ್ಪಿದ್ದರೆ ತಿದ್ದಿ ಕಳಿಸಿ, ಮಾತನ್ನು ಮೃದು ಮಾಡುವ ತಿದ್ದುಪಡಿ ಬೇಕಿದ್ದರೆ ಅದನ್ನು ಚೌಕ ಕಂಸದಲ್ಲಿ ದಿನಾಂಕದ ಸಮೇತ ಸೇರಿಸುತ್ತೇವೆ, ಮೂಲ ಧ್ವನಿಯನ್ನು ಮುಟ್ಟುವುದಿಲ್ಲ. ಈ ಷರತ್ತು ಒಪ್ಪಿಗೆ ಪತ್ರದಲ್ಲೂ ಇರಬೇಕು, ಮತ್ತು ಆ ಪತ್ರಕ್ಕೆ ಸಹಿ ರೆಕಾರ್ಡಿಂಗ್‌ಗೆ ಮೊದಲೇ ಬೀಳಬೇಕು. ರಾಯಭಾರಿಯವರಿಗೆ ಆ ಪತ್ರ ನಾಳೆ ಹೋಗುತ್ತದೆ. ಕಾಲಪಟ್ಟಿ ಒಂದು ಪುಟ ಆಗಿದೆ, ಅವರ ಮೊದಲ ಪೋಸ್ಟಿಂಗ್‌ನ ಎರಡು ವರ್ಷ ಇನ್ನೂ ಖಾಲಿ ಇದೆ.