ಸ್ಪ್ರಿಂಟಿಗೆ ಮೊದ್ಲು ಸ್ಪೈರಲ್ ಕೇಳೋ ಪ್ರಶ್ನೆ

ಸ್ಪೈರಲ್, ಆರ್‌ಯುಪಿ, ಸ್ಕ್ರಮ್ ಅನ್ನೋ ಸಾಫ್ಟ್‌ವೇರ್ ಮಾಡೋ ವಿಧಾನಗಳನ್ನೆಲ್ಲಾ "ಇಟರೇಟಿವ್" (ಸುತ್ತು ಸುತ್ತಾಗಿ ಮಾಡೋದು) ಅಂತ ಒಂದೇ ಸಾಲಿಗೆ ಸೇರಿಸಿ ಕಲಿಸ್ತಾರೆ, ಇಂಟರ್ವ್ಯೂನಲ್ಲೂ ಹಂಗೇ ಕೇಳ್ತಾರೆ, ಆದ್ರೆ ಒಂದೊಂದು ಸುತ್ತು ಯಾವ ಕೆಲಸದಿಂದ ಶುರು ಆಗ್ಬೇಕು ಅನ್ನೋದ್ರಲ್ಲಿ ಇವಕ್ಕೆ ಅಜಗಜಾಂತರ ಇದೆ.

ಬ್ಯಾರಿ ಬೋಮ್ 1986ರಲ್ಲಿ ಮುಂದಿಟ್ಟ ಸ್ಪೈರಲ್‌ನಲ್ಲಿ ಮೊದ್ಲು ರಿಸ್ಕು, ಎಲ್ಲಿ ಕೈ ಕೊಡಬಹುದೋ ಅದನ್ನೇ ಪ್ರೋಟೋಟೈಪ್ (ಕಚ್ಚಾ ಮಾದರಿ) ಮಾಡಿ ನೋಡಿ ಆಮೇಲೆ ಮುಂದಿನ ಸುತ್ತು. ಶ್ವೇಬರ್, ಸದರ್ಲೆಂಡ್ 1995ರಲ್ಲಿ ಮಂಡಿಸಿದ ಸ್ಕ್ರಮ್‌ನಲ್ಲಿ ಬ್ಯಾಕ್‌ಲಾಗ್‌ನಲ್ಲಿ (ಮಾಡಬೇಕಾದ ಕೆಲಸಗಳ ಪಟ್ಟೀಲಿ) ಯಾವುದು ಮೇಲೆ ಅಂತ ಹೇಳೋದು ಪ್ರಾಡಕ್ಟ್ ಓನರ್, ಅಂದ್ರೆ ಏನು ಮೊದ್ಲು ಬೇಕು ಅಂತ ತೀರ್ಮಾನಿಸೋರು, ಸ್ಪ್ರಿಂಟ್ ಅನ್ನೋ ಒಂದು ಸುತ್ತು ಒಂದು ತಿಂಗಳು ದಾಟೋ ಹಂಗಿಲ್ಲ. ಆರ್‌ಯುಪಿ ಪೂರ್ತಿ ಕಟ್ಟೋಕೆ ಮುಂಚಿನ ಎಲಾಬರೇಶನ್ ಹಂತದಲ್ಲೇ ಆರ್ಕಿಟೆಕ್ಚರ್ (ಸಾಫ್ಟ್‌ವೇರಿನ ಮೂಲ ಚೌಕಟ್ಟು) ಓಡಿಸಿ ತೋರಿಸು ಅನ್ನತ್ತೆ, ಒಳ್ಳೇ ಮಾತು, ಆದ್ರೆ ಅದರ ಕಾಗದಪತ್ರ ಚಿಕ್ಕ ಟೀಮಿಗೆ ಹೊರೆ.

ಈಗ ನಮ್ಮ ಶಿರಸಿ ಕಡೆ ಒಂದು ಸೊಸೈಟಿಗೆ ಅಡಿಕೆ ತೂಕದ ಸಾಫ್ಟ್‌ವೇರ್ ಮಾಡ್ತಾ ಇದೀವಿ. ಅವರು ಮೊದ್ಲು ಕೇಳಿದ್ದು ಬೆಳೆಗಾರರ ಖಾತೆ ರಿಪೋರ್ಟು, ಮೊಬೈಲಿಗೆ ಮೆಸೇಜು. ಬರೀ ಸ್ಕ್ರಮ್ ಹಿಡಿದು ಹೋಗಿದ್ರೆ ಅದೇ ಮೊದಲ ಸ್ಪ್ರಿಂಟ್ ಆಗ್ತಿತ್ತು. ಆದ್ರೆ ಮಳೆಗಾಲದಲ್ಲಿ ಇಲ್ಲಿ ಕರೆಂಟು ನೆಟ್ಟು ಎರಡೂ ಹೋದ್ರೆ ತೂಕದ ಎಂಟ್ರಿ ಗತಿ ಏನು? ಅದಕ್ಕೇ ಮೊದಲ ಸುತ್ತಲ್ಲಿ ಎಲೆಕ್ಟ್ರಾನಿಕ್ ತಕ್ಕಡಿಯಿಂದ ತೂಕ ತಗೊಂಡು ಅಲ್ಲಿರೋ ಕಂಪ್ಯೂಟರಲ್ಲೇ ಸೇವ್ ಮಾಡೋದು, ನೆಟ್ ಬಂದಾಗ ಸರ್ವರಿಗೆ ಕಳ್ಸೋದು, ಇಷ್ಟೇ. ಕಳಿಸ್ತಾ ಇರೋವಾಗ್ಲೇ ಬೇಕಂತಲೇ ಕೇಬಲ್ ಕಿತ್ತು ನೋಡಿದ್ವಿ, ಸರ್ವರಿಗೆ ಎಂಟ್ರಿ ಮುಟ್ಟಿತ್ತು ಆದ್ರೆ ಮುಟ್ಟಿದೆ ಅನ್ನೋ ಉತ್ತರ ವಾಪಸ್ ಬರ್ಲಿಲ್ಲ, ಹಂಗಾಗಿ ಅದೇ ಚೀಲ ಇನ್ನೊಂದು ಸಲ ಹೋಗಿ ಎರಡು ಚೀಲದ ಲೆಕ್ಕ ಆಯ್ತು. ಈಗ ತೂಕ ಆದ ಕ್ಷಣವೇ ಪ್ರತಿ ಎಂಟ್ರಿಗೆ ಬೇರೆ ಬೇರೆ ನಂಬರ್ ಬೀಳತ್ತೆ, ಸರ್ವರ್ ಆ ನಂಬರ್ ಮೊದ್ಲೇ ಇದ್ರೆ ಮತ್ತೆ ತಗೊಳ್ಳಲ್ಲ.

ಸ್ಕ್ರಮ್ ನಮಗೆ ನಿಜವಾಗ್ಲೂ ಕೆಲಸಕ್ಕೆ ಬಂದಿದ್ದು ಅದಾದ ಮೇಲೆ, ಸ್ಪ್ರಿಂಟ್ ರಿವ್ಯೂ (ಸುತ್ತಿನ ಕೊನೇಲಿ ಆದ ಕೆಲಸ ತೋರಿಸೋದು) ಅನ್ನ ತೂಕದ ಕೋಣೇಲೇ ಮಾಡಿದಾಗ. ತೂಕ ಮಾಡೋ ಹೆಗಡೇರು ಸ್ಕ್ರೀನ್ ನೋಡಿ, "ಒಬ್ರ ಹೆಸ್ರಲ್ಲೇ ಚಾಲಿ, ರಾಶಿ, ಬೆಟ್ಟೆ ಮೂರೂ ಬಂದ್ರೆ ಎಂಥ ಮಾಡೂದು ತಮಾ?" ಅಂದ್ರು. ಒಂದು ಚೀಟಿಗೆ ಅಡಿಕೆಯ ಒಂದೇ ನಮೂನೆ ಅಂತಿದ್ದ ಡೇಟಾ ಟೇಬಲ್ ಅಲ್ಲೇ ಬದಲಾಯ್ತು. ಇಂಥದ್ದು ಯಾವ ರಿಸ್ಕ್ ಪಟ್ಟೀಲೂ ಸಿಗಲ್ಲ, ಬಳಸೋರ ಮುಂದೆ ಇಟ್ರೆ ಮಾತ್ರ ಸಿಗತ್ತೆ.

ಹಂಗಾಗಿ ನಾವೀಗ ಪ್ರತಿ ಸ್ಪ್ರಿಂಟ್ ಪ್ಲಾನಿಂಗಿಗೆ ಮೊದ್ಲು ರಿಸ್ಕ್ ಮಾತಾಡ್ತೀವಿ, ಅತಿ ಕಷ್ಟದ್ದು ಗಿರಾಕಿ ಕಣ್ಣಿಗೆ ಬೀಳದೇ ಇದ್ರೂ ಮೊದ್ಲು ಅದನ್ನೇ ಹಿಡೀತೀವಿ. ಮುಂದಿನ ಸುತ್ತಿಗೆ ಟೆಂಡರ್ ದರ ಹಾಕೋ ಭಾಗ ಇದೆ, ಒಂದೇ ಲಾಟಿಗೆ (ಮಾರಾಟಕ್ಕಿಟ್ಟ ಅಡಿಕೆ ಗುಂಪಿಗೆ) ಒಂದೇ ಹೊತ್ತಿಗೆ ಇಬ್ರು ವ್ಯಾಪಾರಿಗಳು ದರ ಹಾಕಿದ್ರೆ ಏನಾಗತ್ತೆ ಅನ್ನೋದನ್ನೇ ಮೊದ್ಲು ಓಡಿಸಿ ನೋಡ್ತೀವಿ, ಸ್ಕ್ರೀನ್ ಡಿಸೈನ್ ಆಮೇಲೆ.